ರಕ್ತ ಕೊಡುವ ಮೊದಲು ಒಂದು ಮಾತು

ಕೇಳುಗರಿಗೆ ನಮಸ್ಕಾರ.

ಮಗುವಿಗೆ ಪದೇ ಪದೇ ಫಿಟ್ಸ್ ಬರುತ್ತಿದೆ. ಸ್ಕ್ಯಾನ್ ಆಯಿತು, ಮಾತ್ರೆ ಬದಲಾಯಿಸಿದ್ದೂ ಆಯಿತು. ಕಾರಣ ಮಾತ್ರ ಸಿಕ್ಕಿಲ್ಲ. ಆಗ ಡಾಕ್ಟರು, "ಜೆನೆಟಿಕ್ ಟೆಸ್ಟ್ ಮಾಡಿಸೋಣವಾ?" ಅನ್ನುತ್ತಾರೆ. ಅಪ್ಪ ಅಮ್ಮನಿಗೆ ಏನು ಹೇಳಬೇಕೋ ತೋಚುವುದಿಲ್ಲ.

ಜೀನ್ ಅಂದರೆ ಅಪ್ಪ ಅಮ್ಮನಿಂದ ಮಗುವಿಗೆ ಬರುವ ವಂಶವಾಹಿ, ಅದರಲ್ಲಿ ದೋಷವಿದೆಯಾ ಅಂತ ನೋಡುವುದೇ ಈ ಟೆಸ್ಟ್. ಮಾಡಿಸುವುದು ಸುಲಭ. ಸ್ವಲ್ಪ ರಕ್ತ ಸಾಕು, ಕೆಲವು ಕಡೆ ಎಂಜಲೂ ನಡೆಯುತ್ತದೆ. ತಲೆನೋವು ಶುರುವಾಗುವುದು ರಿಪೋರ್ಟ್ ಬಂದ ಮೇಲೆ. ಅದಕ್ಕೇ ಸಹಿ ಹಾಕುವ ಮೊದಲು ಕೇಳಿ: "ಉತ್ತರ ಸಿಕ್ಕಿದರೆ ನಮ್ಮ ಮಗುವಿನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?"

ಕೆಲವು ಸಲ ತುಂಬಾನೇ ಬದಲಾಗುತ್ತದೆ. ಡ್ರಾವೆ ಸಿಂಡ್ರೋಮ್ ಎಂಬ ಫಿಟ್ಸ್ ಕಾಯಿಲೆ ಇದೆ. ಹೆಚ್ಚಿನವರಲ್ಲಿ ಎಸ್‌ಸಿಎನ್1ಎ ಅನ್ನುವ ಜೀನ್‌ನಲ್ಲಿ ದೋಷವಿರುತ್ತದೆ. ಬೇರೆ ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್ ಈ ಮಕ್ಕಳಿಗೆ ಫಿಟ್ಸನ್ನು ಜಾಸ್ತಿ ಮಾಡಬಹುದು. (ಹಾಗಂತ ಇದನ್ನು ಕೇಳಿ ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ!) ಗ್ಲುಟ್1 ಕೊರತೆಯಲ್ಲಿ ಮೆದುಳಿಗೆ ಬೇಕಾದಷ್ಟು ಗ್ಲೂಕೋಸ್ ಸೇರುವುದಿಲ್ಲ. ಅಲ್ಲಿ ಕೊಬ್ಬು ಹೆಚ್ಚಿರುವ ಕೀಟೋಜೆನಿಕ್ ಆಹಾರವೇ ಮುಖ್ಯ ಚಿಕಿತ್ಸೆ. ಆದರೆ ಹೆಸರು ಸಿಕ್ಕಿಯೂ ಮದ್ದಿಲ್ಲದ ಕಾಯಿಲೆಗಳೇ ಜಾಸ್ತಿ. ಆಗಲೂ ಕಾರಣ ಹುಡುಕುವ ಅಲೆದಾಟವಾದರೂ ತಪ್ಪುತ್ತದೆ. ನನ್ನ ಮಟ್ಟಿಗೆ ಅದು ಸಣ್ಣ ವಿಷಯವಲ್ಲ.

ಇನ್ನೊಂದು ಥರದ ರಿಪೋರ್ಟ್ ಬರುತ್ತದೆ. ಜೀನ್‌ನಲ್ಲಿ ಒಂದು ವ್ಯತ್ಯಾಸ ಕಂಡಿದೆ, ಅದರಿಂದಲೇ ಕಾಯಿಲೆಯೋ ಅಲ್ಲವೋ ಹೇಳಲಾಗದು ಅಂತ. ಇದನ್ನು 'ವಿಯುಎಸ್' ಅನ್ನುತ್ತಾರೆ. ಇದು ಕಾಯಿಲೆಯ ಹೆಸರಲ್ಲ, ಸುಮ್ನೆ ಇಂಟರ್ನೆಟ್ಟಿನಲ್ಲಿ ಹುಡುಕಿ ನಿದ್ದೆಗೆಡಬೇಡಿ. ಅಪ್ಪ ಅಮ್ಮನ ರಕ್ತವನ್ನೂ ನೋಡಿದರೆ ಎಷ್ಟೋ ಸಲ ಗೊಂದಲ ಕಡಿಮೆಯಾಗುತ್ತದೆ. ಏನೂ ಸಿಗಲಿಲ್ಲ ಅಂದರೂ ಜೀನ್ ದೋಷ ಇಲ್ಲವೇ ಇಲ್ಲ ಎಂದಲ್ಲ. ಒಂದೆರಡು ವರ್ಷ ಬಿಟ್ಟು ಅದೇ ಮಾಹಿತಿಯನ್ನು ಮತ್ತೆ ನೋಡಲು ಕೇಳಬಹುದು.

ಇನ್ನು ಮನೆಯೊಳಗಿನ ಮಾತು. "ಇದು ಯಾರ ಕಡೆಯಿಂದ ಬಂತು?" ಬೆರಳು ಮೊದಲು ತಾಯಿಯ ಕಡೆಗೇ ತಿರುಗುತ್ತದೆ ಅಲ್ವಾ? ಡ್ರಾವೆಯಲ್ಲಿ ಹೆಚ್ಚಿನ ಸಲ ದೋಷ ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ. ಬೇರೆ ಕೆಲವು ಕಾಯಿಲೆಗಳು ಬರಬೇಕಾದರೆ ಅಪ್ಪ ಅಮ್ಮ ಇಬ್ಬರಿಂದಲೂ ದೋಷವಿರುವ ಜೀನ್ ಒಂದೊಂದು ಬರಬೇಕು. ಅಂಥ ದಂಪತಿಗೆ ಪ್ರತಿ ಬಸುರಿನಲ್ಲೂ ಮಗುವಿಗೆ ಆ ಕಾಯಿಲೆ ಬರುವ ಸಾಧ್ಯತೆ 25%. ಯಾರೂ ಬೇಕೆಂದು ಕೊಟ್ಟಿದ್ದಲ್ಲ. ಈ ಮಾತನ್ನು ಜೆನೆಟಿಕ್ ಕೌನ್ಸೆಲರ್, ಅಂದರೆ ಇಂಥ ರಿಪೋರ್ಟನ್ನು ಮನೆಯವರಿಗೆ ಬಿಡಿಸಿ ಹೇಳುವ ತಜ್ಞರ ಬಾಯಿಂದಲೇ, ಮನೆಯ ಹಿರಿಯರ ಎದುರಿಗೇ ಹೇಳಿಸಿ.

"ಈಗ ಬೇಡ, ಆಮೇಲೆ ನೋಡೋಣ" ಅಂದರೂ ತಪ್ಪಿಲ್ಲ. ಆದರೆ ಎಸ್‌ಎಂಎ ಎಂಬ ಸ್ನಾಯು ದೌರ್ಬಲ್ಯದ ಅನುಮಾನವಿದ್ದರೆ ತಡ ಮಾಡಬೇಡಿ. ಅದರಲ್ಲಿ ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ, ಔಷಧಿ ಬೇಗ ಶುರುವಾದಷ್ಟೂ ಲಾಭ. ನಿಮ್ಮ ಮಗುವಿನ ವಿಷಯದಲ್ಲಿ ಎಷ್ಟು ದಿನ ಕಾಯಬಹುದು ಅಂತ ಡಾಕ್ಟರನ್ನು ನೇರವಾಗಿಯೇ ಕೇಳಿ.