ಶಿಶುನಾಳದ ಪದ ಬೆಂಗಳೂರು ಸುತ್ತಿ ಹುಬ್ಬಳ್ಳಿಗೆ ಯಾಕೆ ಬರಬೇಕು?

ನಮಸ್ಕಾರ್ರಿ. ಇವತ್ತು ಒಂದು ಮಾತು ನೇರವಾಗಿ ಹೇಳಿಬಿಡ್ತೀನಿ. ಹುಬ್ಬಳ್ಳಿ-ಧಾರವಾಡದ ಬ್ಯಾಂಡ್ ಹುಡುಗರು ಶರೀಫಜ್ಜನ ಪದ ಹಾಡೋದನ್ನ ನೋಡಿದೀರಲ್ವಾ? ಗಿಟಾರ್ ಹಿಡಿದು, ಲುಂಗಿ ಉಟ್ಟು, ಗಂಟಲು ಸ್ವಲ್ಪ ಒರಟು ಮಾಡಿಕೊಂಡು ಹಾಡ್ತಾರೆ. ಅದು ಬೆಂಗಳೂರಿನ ಗಾಯಕ ರಘು ದೀಕ್ಷಿತ್ ಅವರ ಧಾಟಿ. ಪದ ಹುಟ್ಟಿದ್ದು ಶಿಶುನಾಳದಲ್ಲಿ, ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿ. ಹುಬ್ಬಳ್ಳಿಯಿಂದ ಬೆಳಿಗ್ಗೆ ಹೊರಟರೆ ಗದ್ದುಗೆಗೆ ಕೈ ಮುಗಿದು ಊಟದ ಹೊತ್ತಿಗೆ ಮನೆ ಸೇರಬಹುದು. ಆದರೂ ಆ ಪದ ನಮ್ಮ ಹುಡುಗರಿಗೆ ತಲುಪಿದ್ದು ಬೆಂಗಳೂರು ಸುತ್ತಿಕೊಂಡು, ಮೊಬೈಲ್ ಒಳಗಿಂದ.

ತಪ್ಪು ತಿಳಿಯಬೇಡಿ, ರಘು ದೀಕ್ಷಿತ್ ಅಂದ್ರೆ ನನಗೆ ಬಹಳ ಗೌರವ. ಮೈಸೂರಿನಲ್ಲಿ ಬೆಳೆದವರು, ಭರತನಾಟ್ಯ ಕಲಿತವರು, ಓದಿದ್ದು ಮೈಕ್ರೋಬಯಾಲಜಿ. ಡಾನ್ಸ್ ಮಾಡ್ತಾನೆ ಅಂತ ಕಾಲೇಜಿನಲ್ಲಿ ಯಾರೋ ಕೆಣಕಿದ್ದಕ್ಕೆ ಪಂಥ ಕಟ್ಟಿ ಗಿಟಾರ್ ಕಲಿತರು. ವರ್ಷಗಟ್ಟಲೆ ಅಲೆದ ಮೇಲೆ 2008ರಲ್ಲಿ ವಿಶಾಲ್-ಶೇಖರ್ ತಮ್ಮ ಲೇಬಲ್‌ನಿಂದ ಅವರ ಮೊದಲ ಆಲ್ಬಂ ತಂದರು. ಅದರಲ್ಲಿ ಗುಡುಗುಡಿಯ ಪದ ಇತ್ತು, ಮಾಳಿಗೆ ಸೋರುವ ಪದವೂ ಇತ್ತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವ. ಕನ್ನಡ ಬರದ ಜನರ ಮುಂದೆ ಕನ್ನಡ ಹಾಡಿ ಕುಣಿಸಿದ ಮನುಷ್ಯ ಅವರು.

ಅವರ ಲುಂಗಿ, ಕಾಲಿನ ಗೆಜ್ಜೆ ನೋಡಿ ನಮ್ಮ ಕಡೆ ಹಿರಿಯರು ಮೂಗು ಮುರಿಯುತ್ತಾರೆ. "ತತ್ವಪದಕ್ಕೆ ಈ ಕುಣಿತ ಯಾಕ್ರೀ?" ಅಂತ. ಈ ಮಾತು ನಾನು ಒಪ್ಪಲ್ಲ. ನಮ್ಮ ದೊಡ್ಡಾಟದವರು ಗೆಜ್ಜೆ ಕಟ್ಟದೆ ರಂಗಕ್ಕೆ ಬರ್ತಾರಾ? ಹೆಜ್ಜೆ ಮೇಳ ಗೆಜ್ಜೆ ಇಲ್ಲದೆ ನಡೆಯುತ್ತಾ? ಹಾಡುವವನ ಕಾಲು ತಾಳ ಹಾಕಿದರೆ ಹಾಡಿನ ಮರ್ಯಾದೆ ಹೋಗಲ್ಲ. ಅದೂ ಅಲ್ಲದೆ ಅವರ ಕಾಲಿಗೆ ಗೆಜ್ಜೆ ಸುಮ್ನೆ ಬಂದದ್ದಲ್ಲ, ಚಿಕ್ಕಂದಿನಿಂದ ನೃತ್ಯ ಮಾಡಿದ ಕಾಲು ಅದು. ಅವರ ಸ್ಟೇಜ್ ಸ್ಟೈಲ್ ಅವರ ಬದುಕಿನಿಂದಲೇ ಬಂದಿದೆ, ಅದಕ್ಕೇ ನೋಡಿದರೆ ನಂಬಿಕೆ ಬರುತ್ತೆ.

ನನ್ನ ತಕರಾರು ಇರೋದು ಇಲ್ಲೇ. ಅದೇ ಲುಂಗಿಯನ್ನ ಹುಬ್ಬಳ್ಳಿ ವಿದ್ಯಾನಗರದ ಹುಡುಗ ಉಟ್ಟಾಗ ಅದು ಅವನ ಬದುಕಿನಿಂದ ಬಂದಿರಲ್ಲ, ವಿಡಿಯೋದಿಂದ ಬಂದಿರುತ್ತೆ. ರಾಗ ರಘು ಅವರದು, ನಡುವೆ ನಿಲ್ಲಿಸಿ ಜನರನ್ನ ಕೂಗಿಸುವ ರೀತಿ ಅವರದು, ಕೊನೆಗೆ ಉಚ್ಚಾರಣೆಯೂ ಅವರದೇ! ಸ್ಟೇಜ್ ಹಿಂದೆ "ಏನಲೇ, ಎಲ್ಲಿದ್ದಿ?" ಅಂತ ಮಾತಾಡುವ ಹುಡುಗ ಮೈಕ್ ಮುಂದೆ ಬಂದ ಕೂಡಲೇ ಮೈಸೂರಿನವನಾಗ್ತಾನೆ. ಶರೀಫರ ಪದ ಕೂತಿರೋದೇ ನಮ್ಮ ಸೀಮೆಯ ಮಾತಿನ ಏರಿಳಿತದ ಮೇಲೆ. ಆ ಏರಿಳಿತ ಆ ಹುಡುಗನ ಬಾಯಲ್ಲಿ ಹುಟ್ಟಿನಿಂದ ಇದೆ, ಬೇರೆಯವರು ಎಷ್ಟು ಕಷ್ಟಪಟ್ಟರೂ ಅದು ಸುಲಭಕ್ಕೆ ಬರಲ್ಲ, ಅಂಥದ್ದನ್ನ ಇವನು ಹಾಡುವ ಹೊತ್ತಿಗೆ ಸರಿಯಾಗಿ ಬಿಟ್ಟುಬಿಡ್ತಾನಲ್ಲ, ನನಗೆ ಹೊಟ್ಟೆ ಉರಿಯೋದು ಅದಕ್ಕೆ.

ಪ್ರಭಾವ ಬೇಕು ಅಂದ್ರೆ ಇಲ್ಲೇ ಸುತ್ತ ಎಷ್ಟು ಬಿದ್ದಿದೆ ನೋಡಿ. ಒಂದು ರಾತ್ರಿ ಭಜನಾ ಮೇಳದಲ್ಲಿ ಕೂತು ಕೇಳಿ. ಒಬ್ಬರು ಸೊಲ್ಲು ಎತ್ತುತ್ತಾರೆ, ಉಳಿದವರು ಹಿಡಿಯುತ್ತಾರೆ. ಮೊದಲು ನಿಧಾನ. ಏಕತಾರಿ ಒಂದೇ ಶ್ರುತಿಯಲ್ಲಿ ಮೀಟುತ್ತಾ ಇರುತ್ತೆ. ಆಮೇಲೆ ಕೈಯಲ್ಲಿ ಹಿಡಿದು ಬಡಿಯುವ ಚರ್ಮವಾದ್ಯ ದಮ್ಮಡಿ, ತಾಳ ಸೇರುತ್ತೆ. ಸೊಲ್ಲು ಮತ್ತೆ ಮತ್ತೆ ಬಂದ ಹಾಗೆ ಗತಿ ಏರುತ್ತಾ ಹೋಗುತ್ತೆ, ಯಾರೂ ಏರಿಸಿದ ಹಾಗೆ ಕಾಣಲ್ಲ, ಆದರೆ ಸ್ವಲ್ಪ ಹೊತ್ತಿಗೆ ಕೂತವರೆಲ್ಲ ಹಾಡ್ತಾ ಇರ್ತಾರೆ, ಹಾಡುವವರು ಯಾರು ಕೇಳುವವರು ಯಾರು ಅಂತ ಗೊತ್ತಾಗದ ಹಾಗೆ ಆಗಿಬಿಡುತ್ತೆ. "ಎಲ್ಲರೂ ಕೈ ಮೇಲೆತ್ತಿ" ಅಂತ ಅಲ್ಲಿ ಯಾರೂ ಕೂಗಲ್ಲ. ಜನರನ್ನ ಒಳಗೆ ಎಳೆದುಕೊಳ್ಳುವ ವಿದ್ಯೆ ಕಲಿಯಬೇಕಾದದ್ದು ಇಲ್ಲಿ.

ಗೀಗೀ ಮೇಳ ಇನ್ನೊಂದು ಥರ. ಡಪ್ಪು, ಒಂದೇ ತಂತಿಯ ತುಂತುಣಿ, ತಾಳ, ಅಷ್ಟೇ ಸಾಮಾನು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅನ್ನೋ ಹರದೇಶಿ-ನಾಗೇಶಿ ವಾದ ಬಿದ್ದರೆ ಬೆಳಗಿನವರೆಗೂ ನಡೆಯುತ್ತೆ. ಎದುರಿನ ಮೇಳಕ್ಕೆ ಅಲ್ಲೇ ಉತ್ತರ ಕೊಡಬೇಕು, ಸುಮ್ನೆ ನಿಂತರೆ ಸೋತ ಹಾಗೆ. ಇವತ್ತಿನ ರ‍್ಯಾಪ್ ಹುಡುಗರು ಇದನ್ನ ಒಮ್ಮೆ ನೋಡಲೇಬೇಕು. ಹುಬ್ಬಳ್ಳಿ ಹತ್ತಿರದ ಬ್ಯಾಹಟ್ಟಿಯ ಜಗ್ಗಲಿಗೆ ಕೇಳಿದೀರಾ? ಚಕ್ಕಡಿ ಗಾಲಿಯ ಪಟ್ಟಿಗೆ ಚರ್ಮ ಬಿಗಿದ ವಾದ್ಯ, ಹೋಳಿಯಲ್ಲಿ ರಸ್ತೆ ಮೇಲೆ ಉರುಳಿಸಿಕೊಂಡು ಬಾರಿಸ್ತಾರೆ. ಆ ಸದ್ದು ಎದೆಗೆ ಬಡಿಯುತ್ತೆ. ಇಷ್ಟು ದೊಡ್ಡ ಸದ್ದು ಮನೆ ಬಾಗಿಲಲ್ಲಿ ಇದ್ದಾಗ ಲ್ಯಾಪ್‌ಟಾಪ್‌ನಲ್ಲಿ ಡ್ರಮ್ ಸ್ಯಾಂಪಲ್ ಹುಡುಕೋದು ಯಾಕೆ?

ಇನ್ನು ಕೂತು ಹಾಡುವ ಹಿಂದೂಸ್ತಾನಿ ಸಂಗೀತದವರು. ಸವಾಯಿ ಗಂಧರ್ವರು ಕುಂದಗೋಳದವರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಅಲ್ಲಿಗೆ ಹೋಗಿ ಬಂದು ಕಲಿತವರು ಗಂಗೂಬಾಯಿ ಹಾನಗಲ್ಲ. ಗಂಟಲ ಚಿಕಿತ್ಸೆ ಆದ ಮೇಲೆ ಅವರ ದನಿ ಗಡಸಾಯಿತು. ಆ ದನಿಯನ್ನ ಅವರು ಮುಚ್ಚಿಡಲಿಲ್ಲ, ಅದನ್ನೇ ಮುಂದಿಟ್ಟುಕೊಂಡು ದೇಶವೆಲ್ಲ ಹಾಡಿದರು. ಅದೇ ಗುರುವಿನ ಇನ್ನೊಬ್ಬ ಶಿಷ್ಯ ಗದಗ ಜಿಲ್ಲೆಯ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ. ಹಳೆಯ ವಿಡಿಯೋ ಹಾಕಿ ನೋಡಿ, ಸ್ವರಗಳು ವೇಗವಾಗಿ ಓಡುವ ತಾನ್ ಬಂದಾಗ ಕೈ, ಭುಜ, ಮುಖ ಎಲ್ಲವೂ ಸ್ವರದ ಹಿಂದೆ ಓಡುತ್ತೆ. ಒಬ್ಬ ಗುರು, ಒಂದು ಘರಾನೆ ಅಂದ್ರೆ ಒಂದೇ ಹಾಡಿಕೆಯ ಪರಂಪರೆ, ಆದರೆ ಸಭೆ ಮುಂದೆ ಇಬ್ಬರೂ ಪೂರ್ತಿ ಬೇರೆ ಬೇರೆ. ಗುರುವಿನಿಂದ ತಗೊಂಡದ್ದು ಹಾಡನ್ನ, ನಕಲು ಮಾತ್ರ ಮಾಡಲಿಲ್ಲ.

ಹಾಗಂತ ಗಿಟಾರ್ ಬಿಸಾಕಿ ಏಕತಾರಿ ಹಿಡೀರಿ ಅಂತ ನಾನು ಹೇಳ್ತಾ ಇಲ್ಲ. ಗಿಟಾರ್ ಇರಲಿ, ಬೇಸ್ ಇರಲಿ, ಬೇಕಾದರೆ ಸಿಂಥ್ ಕೂಡ ಇರಲಿ. ಆದರೆ ಮುಂದಿನ ಫೆಸ್ಟ್‌ನಲ್ಲಿ ಒಂದೇ ಒಂದು ಪದವನ್ನ ಊರಿನ ಭಜನಾ ಮೇಳದವರಿಂದ ಕಲಿತು ಹಾಡಿ. ಅವರಲ್ಲಿ ಮೂರ್ನಾಲ್ಕು ಜನರನ್ನ ಸ್ಟೇಜ್ ಮೇಲೆ ಕರೆತನ್ನಿ. ಬರೀ ಹಿಂದೆ ನಿಲ್ಲಿಸಬೇಡಿ, ಮುಂದೆ ಕೂರಿಸಿ, ಅವರಿಗೂ ಮೈಕ್ ಕೊಡಿ. ದಮ್ಮಡಿಗೆ ಬೇರೆ ಮೈಕ್ ಇಡಿ, ಇಲ್ಲಾಂದ್ರೆ ಡ್ರಮ್ ಕಿಟ್ ಸದ್ದಿನಲ್ಲಿ ಅದು ಕೇಳೋದೇ ಇಲ್ಲ. ಒಂದೇ ಗತಿಯಲ್ಲಿ ಟಿಕ್ ಟಿಕ್ ಅನ್ನೋ ಮೆಟ್ರೋನೋಮ್ ಆಫ್ ಮಾಡಿ, ಯಾಕಂದ್ರೆ ಭಜನೆಯ ಗತಿ ಅದಕ್ಕೆ ಬಗ್ಗಲ್ಲ. ಹಾಡಿದವರಿಗೆ ಸಂಭಾವನೆ ಕೊಡಿ, ಶಾಲು ಹೊದಿಸಿ ಕಳಿಸಿಬಿಟ್ಟರೆ ಆಗಲ್ಲ.

ಫೆಸ್ಟ್ ನಡೆಸುವವರಿಗೂ ಒಂದು ಮಾತು. ಊರಿನ ಬ್ಯಾಂಡ್‌ಗೆ ಮಧ್ಯಾಹ್ನದ ಸುಡು ಬಿಸಿಲಿನಲ್ಲಿ ಖಾಲಿ ಕುರ್ಚಿಗಳ ಮುಂದೆ ಹತ್ತು ನಿಮಿಷ ಕೊಟ್ಟು, ಸೌಂಡ್ ಚೆಕ್‌ಗೂ ಬಿಡದೆ, ಆಮೇಲೆ "ನಮ್ಮವರಲ್ಲಿ ದಮ್ ಇಲ್ಲ" ಅನ್ನಬೇಡಿ. ಸಂಜೆ ಏಳಕ್ಕೆ ಹತ್ತಿಸಿ, ಪೂರ್ತಿ ಮುಕ್ಕಾಲು ತಾಸು ಕೊಡಿ. ಆಮೇಲೆ ಮಾತಾಡೋಣ.