ಅಕ್ಷರ ತೊಟ್ಟ ವೇಷ: ಈಶೆಲ್‌ನೊಳಗೆ ಚಿತ್ರ

ನಮಸ್ಕಾರ. ಈ ಸಭೆಗೆ ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕ ಅಂದರೇನು ಎಂದು ಹೇಳಹೊರಟರೆ ನೀವೇ ಎದ್ದು ಹೋಗುತ್ತೀರಿ. ಅದರೊಳಗೇ ಕೂತು ಆಜ್ಞೆ ಕೊಡುವ ಶೆಲ್, ಜಾನ್ ವೀಗ್ಲಿ ಬರೆದ ಈಶೆಲ್, 2001ರಲ್ಲಿ ಈಮ್ಯಾಕ್ಸ್‌ನ 21ನೇ ಆವೃತ್ತಿಯ ಜೊತೆ ಬಂತು. ಬಫರಿನಲ್ಲಿ, ಅಂದರೆ ಈಮ್ಯಾಕ್ಸ್ ಪಠ್ಯ ಇಟ್ಟುಕೊಳ್ಳುವ ಜಾಗದಲ್ಲಿ, ಚಿತ್ರ ತೋರಿಸುವ ಸೌಲಭ್ಯವೂ ಅದೇ ಆವೃತ್ತಿಯದು. ಒಂದೇ ಮುಹೂರ್ತದಲ್ಲಿ ಮನೆ ತುಂಬಿದ ಓರಗಿತ್ತಿಯರು, ಇವತ್ತಿಗೂ ಮಾತಿಲ್ಲ. ಈಶೆಲ್‌ನಲ್ಲಿ ಪಿಎನ್‌ಜಿ ಚಿತ್ರದ ಕಡತಕ್ಕೆ ಕ್ಯಾಟ್ ಎಂಬ ಕಡತ ತೋರಿಸುವ ಆಜ್ಞೆ ಹೊಡೆಯಿರಿ, ಕಸವೇ ಸುರಿಯುತ್ತದೆ.

ಟರ್ಮಿನಲ್‌ನಲ್ಲಿ ಸಿಕ್ಸೆಲ್ ನಡೆಯುತ್ತಲ್ಲ, ಇಲ್ಲೇಕಿಲ್ಲ ಅನ್ನುತ್ತಾರೆ. ಸಿಕ್ಸೆಲ್ ಅಂದರೆ ಚಿತ್ರವನ್ನು ಅಕ್ಷರಗಳಾಗಿ ಕಳಿಸುವ ವಿಧಾನ, ಡಿಇಸಿ ಎಂಬ ಹಳೆಯ ಕಂಪ್ಯೂಟರ್ ಕಂಪನಿಯ ಕಾಲದ್ದು. ಒಂದರ ಕೆಳಗೊಂದು ಆರು ಚುಕ್ಕಿ. ಇದೆ ಅಥವಾ ಇಲ್ಲ, ಒಟ್ಟು 64 ಬಗೆ. ಬಗೆಗೆ 0ಯಿಂದ 63ರ ತನಕ ಸಂಖ್ಯೆ ಕೊಟ್ಟು, ಅದಕ್ಕೆ 63 ಕೂಡಿಸಿದರೆ ಅಚ್ಚಾಗಬಲ್ಲ ಅಕ್ಷರದ ಸಂಕೇತ ಸಿಗುತ್ತದೆ. ಆರೂ ಖಾಲಿಯಾದರೆ ಪ್ರಶ್ನಾರ್ಥಕ ಚಿಹ್ನೆ, ಆರೂ ತುಂಬಿದ್ದರೆ ಟಿಲ್ಡೆ (~). ನಮ್ಮ ಹೆಣ್ಣುಮಕ್ಕಳು ಚುಕ್ಕಿ ಎಣಿಸಿ ರಂಗೋಲಿ ಎಳೆಯುವ ಹಾಗೆ ಟರ್ಮಿನಲ್ ಅದನ್ನು ಓದಿ ಬರೆಯುತ್ತದೆ. ಈಶೆಲ್ ಟರ್ಮಿನಲ್ಲೇ ಅಲ್ಲ, ಅದು ಬಫರು. ಅದರ ಪಾಲಿಗೆ ಪ್ರಶ್ನಾರ್ಥಕ ಚಿಹ್ನೆ ಬರೀ ಪ್ರಶ್ನಾರ್ಥಕ ಚಿಹ್ನೆ.

ಬಫರಿನಲ್ಲಿ ಇರುವುದು ಅಕ್ಷರ ಮಾತ್ರ. ಚಿತ್ರ ಎಂಬುದು ಅಕ್ಷರದ ಮೇಲೆ 'ಡಿಸ್‌ಪ್ಲೇ' ಎಂಬ ಗುಣವಾಗಿ ಕೂರುತ್ತದೆ. ವೇಷ, ಅಷ್ಟೇ. ಕಿರೀಟದ ಕೆಳಗೆ ಅದೇ ಮನುಷ್ಯ.

ಈಗ ಕೆಲಸ. 'ಈಶೆಲ್', ಓರೆಗೆರೆ, 'ಚಿತ್ರ' ಎಂಬ ಹೆಸರಿನ ಫಂಕ್ಷನ್ ಅನ್ನು ಈಮ್ಯಾಕ್ಸ್‌ನ ಭಾಷೆಯಾದ ಲಿಸ್ಪ್‌ನಲ್ಲಿ ಬರೆಯಿರಿ. ಪ್ರಾಂಪ್ಟಿನಲ್ಲಿ 'ಚಿತ್ರ' ಎಂದರೆ ಅದೇ ಓಡುತ್ತದೆ. ಹೌದು, ಕನ್ನಡದಲ್ಲೇ, ಲಿಸ್ಪ್‌ಗೆ ತಕರಾರಿಲ್ಲ. 27ನೇ ಆವೃತ್ತಿಯಿಂದ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಇರುವುದರಿಂದ ತ-ಕಾರದ ರ-ಒತ್ತು ಕೂಡ ನೆಟ್ಟಗೆ ಕೂರುತ್ತದೆ. ಒಳಗೆ ಚಿತ್ರ ಕಟ್ಟುವ ಕ್ರಿಯೇಟ್-ಇಮೇಜ್ ಫಂಕ್ಷನ್‌ಗೆ ಕಡತದ ಹೆಸರು, ಆಮೇಲೆ ಎರಡು ನಿಲ್ (ಲಿಸ್ಪ್‌ನ 'ಇಲ್ಲ'), ಆಮೇಲೆ ಮ್ಯಾಕ್ಸ್-ವಿಡ್ತ್ 600. ಆ ಎರಡು ನಿಲ್ ಮರೆತರೆ ಅಗಲದ ಸೂಚನೆಯನ್ನೇ ಚಿತ್ರದ ಜಾತಿ ಎಂದುಕೊಂಡು ದೋಷ ಕೊಡುತ್ತದೆ. ಹೆಸರನ್ನು ಎಕ್ಸ್‌ಪ್ಯಾಂಡ್-ಫೈಲ್-ನೇಮ್‌ನಿಂದ ಪೂರ್ಣ ದಾರಿ ಮಾಡಿಕೊಳ್ಳಿ. ಬರೀ ಹೆಸರಾದರೆ ಈಮ್ಯಾಕ್ಸ್ ತನ್ನದೇ ಫೋಲ್ಡರಿನಲ್ಲಿ ಹುಡುಕಿ, ಸಿಗದೆ, ಖಾಲಿ ಚೌಕ ತೋರಿಸುತ್ತದೆ. ಕೊನೆಗೆ ಕಡತದ ಹೆಸರಿನ ಸ್ಟ್ರಿಂಗಿಗೆ ಈ ಗುಣ ತೊಡಿಸಿ, ಹೊಸಸಾಲು ಸೇರಿಸಿ ಹಿಂದಿರುಗಿಸಿ. ಹೊಸಸಾಲು ಬಿಟ್ಟರೆ ಮುಂದಿನ ಪ್ರಾಂಪ್ಟ್ ಚಿತ್ರದ ಪಕ್ಕೆಗೇ ಅಂಟುತ್ತದೆ. ಚಿತ್ರವನ್ನು ನಕಲು ಮಾಡಿ ಹೊರಗಿನ ತಂತ್ರಾಂಶದಲ್ಲಿ ಅಂಟಿಸಿ ನೋಡಿ, ಕಡತದ ಹೆಸರು ಬರುತ್ತದೆ. ಹೇಳಿದೆನಲ್ಲ, ವೇಷ.

ನಿಜವಾದ ತಲೆನೋವು ಇನ್ನು ಮುಂದೆ. ಗ್ನುಪ್ಲಾಟ್ ಎಂಬ ತಂತ್ರಾಂಶ ಗ್ರಾಫ್ ಬರೆಯಿತು, ನೋಡಿದಿರಿ. ದತ್ತಾಂಶ ತಿದ್ದಿ ಅದೇ ಹೆಸರಿಗೆ ಮತ್ತೆ ಬರೆಸಿದಿರಿ. ಮತ್ತೆ 'ಚಿತ್ರ' ಅಂದಿರಿ. ಹಳೆಯದೇ ಬಂತು! ಒಂದೇ ಹೆಸರು, ಒಂದೇ ಅಗಲವಾದರೆ ಈಮ್ಯಾಕ್ಸ್ ಸಂಗ್ರಹದಿಂದ ತೆಗೆದುಕೊಡುತ್ತದೆ. ಪರದೆಯಲ್ಲಿ ಕಾಣದೆ 300 ಸೆಕೆಂಡು ಕಳೆದ ಮೇಲೆಯೇ ಅದು ಅಲ್ಲಿಂದ ಕಳಚುವುದು. ಸಂಗ್ರಹದಿಂದ ಚಿತ್ರ ಕಿತ್ತುಹಾಕುವ ಇಮೇಜ್-ಫ್ಲಶ್ ಹಾಕಿ ಅನ್ನುತ್ತಾರೆ. ಹಾಕಿ, ಹೊಸದು ಬರುತ್ತದೆ. ಆಮೇಲೆ ಮೇಲೆ ಸರಿದು ನೋಡಿ: ಹಳೆಯ ಗ್ರಾಫಿನ ಜಾಗದಲ್ಲೂ ಹೊಸದೇ! ಎರಡು ವೇಷಕ್ಕೂ ಪೆಟ್ಟಿಗೆ ಒಂದೇ. ಹೋಲಿಸಿ ನೋಡೋಣ ಎಂದು ಶೆಲ್‌ಗೆ ಬಂದವನಿಗೆ ಇದಕ್ಕಿಂತ ದ್ರೋಹ ಬೇಕೆ?

ಹಾಗಾಗಿ ನನ್ನ ಹಟ: ಹೆಸರು ಕೊಡಬೇಡಿ, ಬೈಟುಗಳನ್ನೇ ಕೊಡಿ. ತಾತ್ಕಾಲಿಕ ಬಫರ್ ತೆರೆದು, ಸೆಟ್-ಬಫರ್-ಮಲ್ಟಿಬೈಟ್ ನಿಲ್ ಮಾಡಿ, ಇನ್ಸರ್ಟ್-ಫೈಲ್-ಕಂಟೆಂಟ್ಸ್-ಲಿಟರಲಿ ಇಂದ ಓದಿ, ಆ ಸ್ಟ್ರಿಂಗನ್ನು ಕ್ರಿಯೇಟ್-ಇಮೇಜ್‌ಗೆ ದಾಟಿಸಿ. ಈಗ ಎರಡನೆಯ ನಿಲ್ ಜಾಗದಲ್ಲಿ ಟಿ, ಲಿಸ್ಪ್‌ನ 'ಹೌದು': ಕೊಟ್ಟದ್ದು ಹೆಸರಲ್ಲ, ಬೈಟು ಎಂದು. ಪ್ರತಿ ಗ್ರಾಫೂ ತನ್ನ ಬೈಟು ತಾನೇ ಹೊತ್ತಿರುತ್ತದೆ, ಫ್ಲಶ್ ಬೇಕಿಲ್ಲ. ದೂರದ ಕಡತ ತೆರೆಯುವ ಈಮ್ಯಾಕ್ಸ್‌ನ ಟ್ರ್ಯಾಂಪ್ ಮೂಲಕ ದೂರದ ಸರ್ವರಿನಲ್ಲಿ ಕೂತಿದ್ದರೂ ಇದೇ ಫಂಕ್ಷನ್ ಸಾಕು. ಸ್ಮೃತಿ ತಿನ್ನುತ್ತದೆ, ನಿಜ. ಬರೀ ಕ್ಲಿಯರ್ ಅಂದರೆ ಸಾಲುಗಳು ಮೇಲಕ್ಕೆ ಸರಿಯುತ್ತವೆ ಅಷ್ಟೇ, ಚಿತ್ರ ಬಫರಿನಲ್ಲೇ ಉಳಿಯುತ್ತದೆ. ಪೂರ್ತಿ ಅಳಿಸಲು ಕ್ಲಿಯರ್ 1 ಅನ್ನಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬೇಗ ಹೇಳುತ್ತೇನೆ. ನಿಮ್ಮ ಈಮ್ಯಾಕ್ಸ್ 27ಕ್ಕಿಂತ ಹಳೆಯದಿದ್ದರೆ ಗಾತ್ರ ಇಳಿಸಲು ಇಮೇಜ್‌ಮ್ಯಾಜಿಕ್ ಎಂಬ ಚಿತ್ರ-ತಂತ್ರಾಂಶ ಬೇಕು. ಉದ್ದನೆಯ ಚಿತ್ರ ಸ್ಕ್ರೋಲ್ ಮಾಡುವಾಗ ಜಿಗಿದರೆ ಇನ್ಸರ್ಟ್-ಸ್ಲೈಸ್ಡ್-ಇಮೇಜ್‌ನಿಂದ ಸಾಲುಸಾಲಾಗಿ ಸೀಳಿ. ಟರ್ಮಿನಲ್‌ನೊಳಗೆ ಈಮ್ಯಾಕ್ಸ್ ತೆರೆದವರಿಗೆ ಮಾತ್ರ ಕಡತದ ಹೆಸರಷ್ಟೇ ಕಾಣುತ್ತದೆ. ಅಲ್ಲಿ ಚೌಕಿಮನೆಯಿಲ್ಲ.