ಮೂವತ್ತಾರರಲ್ಲಿ ಹನ್ನೊಂದು

ನಮಸ್ಕಾರ. ಪರದೆಯ ಮೇಲೆ ಈಗ ನೀವು ನೋಡುತ್ತಿರುವ ಚಿತ್ರ ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನದು. ಎಡಗಡೆಯಿಂದ ಬೆಂಕಿ ಹೊತ್ತಿಕೊಂಡಂತೆ ಕಿತ್ತಳೆ ಬಣ್ಣವೊಂದು ನುಗ್ಗಿಬಂದು, ಸೇವಂತಿಗೆಯ ರಾಶಿಯನ್ನೂ ಅದರ ಹಿಂದೆ ಕುಳಿತ ವ್ಯಾಪಾರಿಯ ಭುಜವನ್ನೂ ಅರ್ಧ ನುಂಗಿದೆ. ನಾನು ಇದುವರೆಗೆ ಹಂಚಿಕೊಂಡ ಚಿತ್ರಗಳಲ್ಲಿ ಇಷ್ಟು ಮೆಚ್ಚುಗೆ ಪಡೆದದ್ದು ಇನ್ನೊಂದಿಲ್ಲ. ಈ ಎಫೆಕ್ಟ್ ಹೇಗೆ ತಂದಿರಿ ಎಂದು ಕೇಳಿದವರೇ ಹತ್ತಾರು ಮಂದಿ. ತಂದದ್ದು ಹೀಗೆ: ರೋಲ್ ಮುಗಿದ ಮೇಲೆ ಫಿಲ್ಮನ್ನು ಹಿಂದಕ್ಕೆ ಸುತ್ತಿ ಡಬ್ಬಿಗೆ ಸೇರಿಸದೆಯೇ, ನಡುಮಧ್ಯಾಹ್ನದ ಬಿಸಿಲಿನಲ್ಲಿ, ಚಿಕ್ಕ ಗಡಿಯಾರದ ಕೆಳಗೆ ನಿಂತು ಕ್ಯಾಮೆರಾದ ಬೆನ್ನು ತೆರೆದೆ. ಫಿಲ್ಮು ತಾನಾಗಿಯೇ ಒಳಗೆ ಸೇರಿಕೊಂಡಿರುತ್ತದೆ ಎಂದು ನಾನು ಭಾವಿಸಿದ್ದೆ. ಸುರುಳಿಯ ಹೊರಸುತ್ತಿನಲ್ಲಿದ್ದ ಕೊನೆಯ ಚಿತ್ರಗಳೆಲ್ಲ ಬೆಳಕು ತಗುಲಿ ಒಂದೇ ಕ್ಷಣದಲ್ಲಿ ಸುಟ್ಟುಹೋದವು. ಒಳಸುತ್ತಿನಲ್ಲಿ ಅವಿತಿದ್ದ ಮೊದಲಿನ ಏಳೆಂಟು ಮಾತ್ರ ಅರೆಬೆಂದು ಉಳಿದವು. ನೀವು ಮೆಚ್ಚಿದ್ದು ಆ ಅರೆಬೆಂದವುಗಳಲ್ಲಿ ಒಂದನ್ನು. ಅಗ್ಗದ ಆಟಿಕೆ ಕ್ಯಾಮೆರಾಗಳ ಸೊಗಸನ್ನೂ ಅವುಗಳ ಮೇಲಿನ ಆಕ್ಷೇಪವನ್ನೂ ಕುರಿತು ಮಾತನಾಡಲು ನನಗೆ ಇದಕ್ಕಿಂತ ತಕ್ಕ ಚಿತ್ರ ಸಿಗಲಾರದು, ಏಕೆಂದರೆ ಹೊಗಳಿಕೆ ಸಂದದ್ದು ನನ್ನ ಮರೆವಿಗೆ.

ಕ್ಯಾಮೆರಾದ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೂ ಹೆಚ್ಚಿನ ವ್ಯತ್ಯಾಸವಾಗದು, ಇಂಥವೆಲ್ಲದರ ಒಳಗೆ ಇರುವುದು ಬಹುಮಟ್ಟಿಗೆ ಒಂದೇ. ಅಂಗೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ಪೆಟ್ಟಿಗೆ, ಪ್ಲಾಸ್ಟಿಕ್ ಮಸೂರ, ಬೆಳಕು ಒಳಬರುವ ರಂಧ್ರ, ಅಂದರೆ ಅಪರ್ಚರ್, ಎಫ್ 10ಕ್ಕೆ ಸ್ಥಿರ; ಆ ಬೆಳಕನ್ನು ಬಿಟ್ಟು ತಡೆಯುವ ಶಟರ್ ಸೆಕೆಂಡಿನ ನೂರಿಪ್ಪತ್ತನೆಯ ಒಂದು ಭಾಗಕ್ಕೆ ಸ್ಥಿರ. ಬೆಳಕನ್ನು ಅಳೆಯುವ ಮೀಟರ್ ಇಲ್ಲ, ಫೋಕಸ್ ಮಾಡುವ ಉಂಗುರ ಇಲ್ಲ. ಸುಮಾರು ಒಂದು ಮೀಟರ್‌ನಿಂದಾಚೆಗಿನ ಜಗತ್ತೆಲ್ಲವೂ ಸರಿಸುಮಾರಾಗಿ ಸ್ಪಷ್ಟ, ಈಚೆಗಿನದು ಮಸುಕು. ನೋಡುವ ಕಿಂಡಿ ಮಸೂರದ ನೇರದಲ್ಲಿಲ್ಲದೆ ಪಕ್ಕಕ್ಕೂ ಮೇಲಕ್ಕೂ ಇರುವುದರಿಂದ, ಹತ್ತಿರದವರ ತಲೆಯನ್ನು ಪೂರ್ಣವಾಗಿ ಕಂಡು ಗುಂಡಿ ಒತ್ತಿದರೂ ಚಿತ್ರದಲ್ಲಿ ಹಣೆ ಇರುವುದಿಲ್ಲ.

ನಮ್ಮ ಮನೆಯ ಅಟ್ಟದಲ್ಲಿ ಇದರ ಹಿರಿಯ ಸಂಬಂಧಿಯೊಂದಿದೆ. ಅದು ಆಗ್ಫಾ ಕ್ಲಿಕ್ 3. ಬರೋಡಾದಲ್ಲಿ ತಯಾರಾಗುತ್ತಿದ್ದ, 120 ಎಂಬ ಅಗಲ ಫಿಲ್ಮಿನಲ್ಲಿ ಹನ್ನೆರಡು ಚೌಕ ಚಿತ್ರಗಳನ್ನು ಕೊಡುತ್ತಿದ್ದ, ಭಾರತದ ಎಷ್ಟೋ ಮಧ್ಯಮವರ್ಗದ ಮನೆಗಳ ಮೊದಲ ಕ್ಯಾಮೆರಾ. ರಚನೆಯ ದೃಷ್ಟಿಯಿಂದ ಅದಕ್ಕೂ ನನ್ನ ಕೈಯಲ್ಲಿರುವ ಆಟಿಕೆಗೂ ಭಾರಿ ಅಂತರವೇನಿಲ್ಲ. ಆದರೆ ತಾತ ಅದನ್ನು ಆಟಿಕೆ ಎಂದು ಕರೆದದ್ದನ್ನು ಯಾರೂ ಕೇಳಿಲ್ಲ. ಅದು ಬೀರುವಿನಲ್ಲಿ ರೇಷ್ಮೆ ಸೀರೆಗಳ ಜೊತೆ ಇರುತ್ತಿತ್ತು. ಬೃಂದಾವನಕ್ಕೆ ಹೋಗುವಾಗ, ನಾಮಕರಣಕ್ಕೆ, ಊರಿನಿಂದ ನೆಂಟರು ಬಂದಾಗ ಮಾತ್ರ ಹೊರಬರುತ್ತಿತ್ತು. ಆಲ್ಬಮ್ಮಿನಲ್ಲಿ ಬೃಂದಾವನದ ಕಾರಂಜಿಯ ಮುಂದೆ ನಿಂತ ಅಜ್ಜಿಯ ಮುಖ ಮಸುಕಾಗಿದೆ. ಆ ಮಸುಕನ್ನು ಅವರಲ್ಲಿ ಯಾರೂ ಸೊಗಸೆಂದು ಎಣಿಸಲಿಲ್ಲ. ಆ ಚಿತ್ರದ ಹಿಂಬದಿಯಲ್ಲಿ ತಾತನ ಅಕ್ಷರದಲ್ಲಿ "ಕೈ ಅಲುಗಿದೆ" ಎಂದು ಬರೆದಿದೆ. ಅಂದಹಾಗೆ, ಆ ಕಾಲದಲ್ಲಿ ಫಿಲ್ಮು ನಮಗೆ ದೂರದ ವಸ್ತುವೂ ಆಗಿರಲಿಲ್ಲ. ಬಂಡೀಪುರ ದಾಟಿ ಹೋದರೆ ಸಿಗುವ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಿಂದ "ಇಂದು" ಹೆಸರಿನ ಕಪ್ಪುಬಿಳುಪು ಫಿಲ್ಮು ತಯಾರಿಸುತ್ತಿತ್ತು. ಆ ಕಾರ್ಖಾನೆ ಈಗ ಮುಚ್ಚಿದೆ, ನಾನು ಕೊಳ್ಳುವ ಪ್ರತಿಯೊಂದು ರೋಲ್ ಕೂಡ ಹಡಗಿನಲ್ಲಿಯೋ ವಿಮಾನದಲ್ಲಿಯೋ ಬಂದದ್ದು.

ಹಾಗಾದರೆ ತಾತ ದೋಷವೆಂದು ಬರೆದಿಟ್ಟದ್ದು ಶೈಲಿಯಾದದ್ದು ಯಾವಾಗ? ಅಗ್ಗದ ಕ್ಯಾಮೆರಾ ಹೊಸದಲ್ಲ; ಕೊಡಾಕ್ ಕಂಪನಿ 1900ರಲ್ಲಿಯೇ ಒಂದು ಡಾಲರಿಗೆ ರಟ್ಟಿನ ಬ್ರೌನಿ ಪೆಟ್ಟಿಗೆಯನ್ನು ಮಾರಿತ್ತು. ಆದರೆ ದೋಷಕ್ಕಾಗಿಯೇ ಕ್ಯಾಮೆರಾವನ್ನು ಹುಡುಕಿಕೊಂಡು ಹೋಗುವ ಕಥೆ ಹಾಂಗ್‌ಕಾಂಗ್‌ನ ಎರಡು ಪ್ಲಾಸ್ಟಿಕ್ ಪೆಟ್ಟಿಗೆಗಳಿಂದ ಶುರುವಾಗುತ್ತದೆ ಎನ್ನಬಹುದು. ಒಂದು, 1960ರ ದಶಕದ ಡಯಾನಾ. ಇನ್ನೊಂದು, 1982ರಲ್ಲಿ ಬಂದ ಹೋಲ್ಗಾ. ಹೋಲ್ಗಾ ಹುಟ್ಟಿದ್ದು ಚೀನಾದ ಸಾಮಾನ್ಯ ಕುಟುಂಬಗಳಿಗೆಂದು, ನಮ್ಮ ಕ್ಲಿಕ್ 3 ಇದ್ದ ಹಾಗೆ. ಅಷ್ಟರಲ್ಲಿ ಅಲ್ಲಿನ ಜನ ಹೋಲ್ಗಾಕ್ಕೆ ಬೇಕಾದ 120 ಫಿಲ್ಮನ್ನು ಬಿಟ್ಟು ಕಿರಿದಾದ 35 ಎಂಎಂ ಫಿಲ್ಮಿನ ಕಡೆಗೆ ಹೊರಳಿದ್ದರಿಂದ ಅದು ಪಶ್ಚಿಮದ ಕಲಾವಿದ್ಯಾರ್ಥಿಗಳ ಕೈ ಸೇರಿತು. ಅದರ ಮಸೂರದ ಮೇಲೆ ಸೂರ್ಯ ಮತ್ತು ಮೋಡದ ಗುರುತುಗಳಿರುವ ಒಂದು ಸ್ವಿಚ್ ಇದೆ. ಬಹುಕಾಲದವರೆಗೆ ಆ ಸ್ವಿಚ್ಚನ್ನು ಸೂರ್ಯನಿಂದ ಮೋಡಕ್ಕೆ ತಳ್ಳಿದರೂ ಒಳಗಿನ ಅಪರ್ಚರ್ ಹಿಗ್ಗುತ್ತಿರಲಿಲ್ಲ. ಅದು ಕೇವಲ ಸಮಾಧಾನಕ್ಕಾಗಿ ಇದ್ದ ಸ್ವಿಚ್. ಬೆನ್ನಿನ ಮುಚ್ಚಳ ಕಳಚದಂತೆ, ಸಂದುಗಳಿಂದ ಬೆಳಕು ಸೋರದಂತೆ ಬಳಕೆದಾರರು ಕಪ್ಪು ಟೇಪು ಸುತ್ತುವುದು ಇಂದಿಗೂ ರೂಢಿ. ಆದರೂ ಅಮೆರಿಕದ ಛಾಯಾಪತ್ರಕರ್ತ ಡೇವಿಡ್ ಬರ್ನೆಟ್ 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಅಭ್ಯರ್ಥಿ ಅಲ್ ಗೋರ್ ಅವರ ಪ್ರಚಾರವನ್ನು ಹೋಲ್ಗಾದಿಂದ ಚಿತ್ರಿಸಿದರು, ಅದಕ್ಕೆ ಪ್ರಶಸ್ತಿಯನ್ನೂ ಪಡೆದರು. ಅಂಚುಗಳು ಕಪ್ಪಾಗುತ್ತವೆ, ನಡುವೆ ಮಾತ್ರ ಸ್ಪಷ್ಟತೆ ಇರುತ್ತದೆ ಎಂಬುದು ಅವರಂಥವರಿಗೆ ಮೊದಲೇ ತಿಳಿದಿರುತ್ತದೆ. ತಿಳಿದೇ ಚೌಕಟ್ಟನ್ನು ಕಟ್ಟಿರುತ್ತಾರೆ.

ಇನ್ನು ಲೋಮೋ. ಸೋವಿಯತ್ ಒಕ್ಕೂಟದ ಲೆನಿನ್‌ಗ್ರಾಡಿನ ಕಾರ್ಖಾನೆಯಿಂದ 1984ರಲ್ಲಿ ಬಂದ ಲೋಮೋ ಎಲ್‌ಸಿ-ಎ ನಿಜವಾಗಿ ಆಟಿಕೆಯಲ್ಲ. ಗಾಜಿನ ಮಸೂರವೂ ಬೆಳಕನ್ನು ಅಳೆದು ಶಟರ್ ತೀರ್ಮಾನಿಸುವ ವ್ಯವಸ್ಥೆಯೂ ಅದಕ್ಕಿದೆ. ಆದರೆ ವಿಯೆನ್ನಾದಲ್ಲಿ 1992ರಲ್ಲಿ ಹುಟ್ಟಿದ ಲೋಮೋಗ್ರಫಿ ಕೂಟ ಅದನ್ನೇ ಮುಂದಿಟ್ಟುಕೊಂಡು, ಯೋಚಿಸಬೇಡ, ಸುಮ್ಮನೆ ಕ್ಲಿಕ್ಕಿಸು ಎಂಬರ್ಥದ ಘೋಷಣೆಯೊಂದನ್ನು ಲೋಕಕ್ಕೆಲ್ಲ ಹಂಚಿತು. ನನ್ನ ಜಗಳ ಇರುವುದು ಈ ಘೋಷಣೆಯ ಜೊತೆಗೆ.

ಏಕೆಂದು ಹೇಳಲು ನಿಮ್ಮನ್ನು ಮಂಡ್ಯಕ್ಕೆ ಕರೆದುಕೊಂಡು ಹೋಗಬೇಕು. ಅಲ್ಲಿನ ಪೇಟೆಬೀದಿಯ ಹಿಂದೆ ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ; ಮೂವತ್ತು ವರ್ಷ ಸ್ಟುಡಿಯೋ ನಡೆಸಿ, ಸಾವಿರಾರು ಮದುವೆಗಳನ್ನು ಫಿಲ್ಮಿನಲ್ಲಿ ತೆಗೆದವರು. ಎರಡನೆಯ ರೋಲ್ ಸಂಸ್ಕರಣೆಯಾಗಿ ಬಂದ ಮೇಲೆ ಸ್ಕ್ಯಾನ್‌ಗಳನ್ನು ಫೋನ್‌ನಲ್ಲಿ ತೋರಿಸಲು ಹೋದೆ. ಅವರು ಫೋನನ್ನು ಮುಟ್ಟಲಿಲ್ಲ. ನೆಗೆಟಿವ್, ಅಂದರೆ ಸಂಸ್ಕರಿಸಿದ ಮೂಲ ಫಿಲ್ಮು, ಎಲ್ಲಿ ಎಂದು ಕೇಳಿದರು. ಅದನ್ನು ಅಂದಿನ ಪತ್ರಿಕೆಯ ಮೇಲೆ ಹಾಸಿ, ಕನ್ನಡಕ ಏರಿಸಿ, ಒಂದೊಂದೇ ಚಿತ್ರದ ಮೂಲಕ ಕೆಳಗಿನ ಅಕ್ಷರಗಳನ್ನು ಓದಲು ನೋಡಿದರು. ಹೆಚ್ಚು ಬೆಳಕು ಬಿದ್ದು ಕಪ್ಪಾದ ಭಾಗದ ಮೂಲಕವೂ ಅಕ್ಷರ ಮಬ್ಬಾಗಿ ಕಂಡರೆ ನೆಗೆಟಿವ್ ಹದವಾಗಿದೆ. ಏನೂ ಕಾಣದಿದ್ದರೆ ಬೆಳಕು ಅತಿಯಾಗಿದೆ. ಎಲ್ಲವೂ ಸ್ಪಷ್ಟವಾಗಿ ಕಂಡರೆ ಬೆಳಕು ಸಾಲದೆ ನೆಗೆಟಿವ್ ತೆಳುವಾಗಿದೆ, ಅದರಿಂದ ಏನನ್ನೂ ಹೊರತೆಗೆಯಲಾಗದು. ಹೀಗೆ ಓದುತ್ತಾ ಹೋಗಿ ಅವರು ಮೂವತ್ತಾರರಲ್ಲಿ ಹನ್ನೊಂದನ್ನು ಆರಿಸಿದರು. ಆಮೇಲೆ, "ಈ ಹನ್ನೊಂದು ಎಷ್ಟು ಹೊತ್ತಿಗೆ, ಎಲ್ಲಿ ತೆಗೆದದ್ದು ಹೇಳು" ಎಂದರು.

ಹೇಳುತ್ತಾ ಹೋದಂತೆ ಸಂಗತಿ ನನಗೇ ಹೊಳೆಯಿತು. ಫಿಲ್ಮಿನ ಹಳೆಯ ಲೆಕ್ಕವೊಂದಿದೆ: ಪೂರ್ಣ ಬಿಸಿಲಿನಲ್ಲಿ ಅಪರ್ಚರ್ ಎಫ್ 16 ಇಟ್ಟರೆ, ಶಟರ್ ವೇಗ ಫಿಲ್ಮಿನ ಐಎಸ್‌ಒ ಸಂಖ್ಯೆಯಷ್ಟೇ, ಅಂದರೆ ಬೆಳಕಿಗೆ ಅದು ಎಷ್ಟು ಸೂಕ್ಷ್ಮ ಎಂದು ಹೇಳುವ ಸಂಖ್ಯೆಯಷ್ಟೇ, ಇರಬೇಕು. ನಾನು ಹಾಕಿದ್ದು 400ರ ಕಲರ್ ಫಿಲ್ಮು. ಬಿಸಿಲಿಗೆ ಎಫ್ 16 ಮತ್ತು ಸೆಕೆಂಡಿನ ನಾನೂರನೆಯ ಒಂದು ಭಾಗ ಸಾಕು. ಎಫ್ ಸಂಖ್ಯೆ ಇಳಿದಂತೆ ಅಪರ್ಚರ್ ದೊಡ್ಡದು; ಎಫ್ 10 ಮತ್ತು ನೂರಿಪ್ಪತ್ತನೆಯ ಒಂದು ಭಾಗದ ನನ್ನ ಪೆಟ್ಟಿಗೆ ಬಿಟ್ಟುಕೊಳ್ಳುವುದು ಅದರ ಸುಮಾರು ಎಂಟು ಪಟ್ಟು ಬೆಳಕನ್ನು. ಕಲರ್ ನೆಗೆಟಿವ್ ಫಿಲ್ಮು ಹೆಚ್ಚು ಬೆಳಕನ್ನು ಧಾರಾಳವಾಗಿ ತಡೆದುಕೊಳ್ಳುತ್ತದೆ, ಕಡಿಮೆ ಬೆಳಕನ್ನು ಅಷ್ಟಾಗಿ ಕ್ಷಮಿಸುವುದಿಲ್ಲ. ಆದ್ದರಿಂದ ಈ ಕ್ಯಾಮೆರಾಕ್ಕೆ ತಕ್ಕ ಬೆಳಕೆಂದರೆ ಬಯಲಿನ ನೆರಳು ಅಥವಾ ತೆಳುಮೋಡದ ಹಗಲು, ಬಿಸಿಲಾದರೂ ನಡೆದೀತು, ಮಾಡಿನ ಒಳಗು ಮತ್ತು ಸಂಜೆ ಎರಡೂ ವ್ಯರ್ಥ.

ಈಗ ಚಿತ್ರಗಳನ್ನು ನೋಡಿ. ಇದು ಭಾನುವಾರದ ಸಂಜೆಯ ಅರಮನೆ. ಲಕ್ಷದ ಹತ್ತಿರ ಬಲ್ಬುಗಳು ಉರಿಯುತ್ತಿವೆ, ಚಿತ್ರದಲ್ಲಿ ಕಾಣುವುದು ಕಪ್ಪು ಬಟ್ಟೆಯ ಮೇಲೆ ಚೆಲ್ಲಿದ ಸಾಸಿವೆಯಷ್ಟು ಚುಕ್ಕೆಗಳು. ಇದು ಮಾರುಕಟ್ಟೆಯ ಒಳಗಿನ ಓಣಿ, ಕುಂಕುಮದ ಗೋಪುರಗಳು ಕೆಸರಿನ ಬಣ್ಣಕ್ಕೆ ತಿರುಗಿವೆ. ಇದು ಮಲ್ಲಿಗೆ ಮೊಗ್ಗು. ಅರ್ಧ ಮೀಟರ್‌ನಿಂದ ತೆಗೆದೆ, ಮೊಸರನ್ನವೂ ಆಗಿರಬಹುದು. ಆದರೆ ಇದು ಚಾಮುಂಡಿಬೆಟ್ಟದ ನಂದಿ, ಮಧ್ಯಾಹ್ನ ಹನ್ನೆರಡು ಗಂಟೆ. ಕಪ್ಪು ಕಲ್ಲು ಬೆಳಕನ್ನು ಬೇಡುತ್ತದೆ, ಕ್ಯಾಮೆರಾ ಬೇಡವೆಂದರೂ ಎಂಟು ಪಟ್ಟು ಕೊಡುತ್ತದೆ. ಎರಡೂ ಸೇರಿ ಕೊರಳ ಗಂಟೆಗಳ ಕೆತ್ತನೆಯೆಲ್ಲ ಎದ್ದು ಬಂದಿದೆ, ಆಕಾಶ ಮಾತ್ರ ಸುಣ್ಣ ಬಳಿದಂತೆ ಬಿಳಿ. ಇದು ಮಂಡ್ಯದ ರೈಲಿನ ಬಾಗಿಲಿನಿಂದ, ಪಾಂಡವಪುರ ದಾಟಿದ ಮೇಲೆ ತೆಗೆದ ಕಬ್ಬಿನ ಗದ್ದೆ. ನೂರಿಪ್ಪತ್ತನೆಯ ಒಂದು ಭಾಗ ಓಡುವ ರೈಲಿಗೆ ಸಾಲದು. ಹತ್ತಿರದ ಕಬ್ಬು ಹಸಿರು ಗೀಟುಗಳಾಗಿ ಹರಿದಿದೆ, ದೂರದ ತೆಂಗಿನ ಸಾಲು ಸ್ಥಿರವಾಗಿ ನಿಂತಿದೆ. ಹನ್ನೊಂದರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು.

ಫೋನ್‌ನಲ್ಲಿ ತೆಗೆಯುವಾಗ ಬೆಳಕು ಎಷ್ಟಿದೆ, ಮೋಡ ಸರಿಯಿತೇ, ವಸ್ತು ಒಂದು ಮೀಟರ್ ದಾಟಿದೆಯೇ ಎಂದು ನಾನು ಒಮ್ಮೆಯೂ ಕೇಳಿಕೊಂಡವನಲ್ಲ. ಅದನ್ನೆಲ್ಲ ಫೋನ್ ನೋಡಿಕೊಳ್ಳುತ್ತದೆ. ಈ ಪೆಟ್ಟಿಗೆ ಏನನ್ನೂ ನೋಡಿಕೊಳ್ಳದೆ ಎಲ್ಲವನ್ನೂ ನನ್ನ ತಲೆಗೆ ಕಟ್ಟುತ್ತದೆ. ಯೋಚಿಸದೆ ಕ್ಲಿಕ್ಕಿಸಿದ ಇಪ್ಪತ್ತೈದು ಚಿತ್ರಗಳನ್ನು ಹಿರಿಯರು ಪತ್ರಿಕೆಯ ಆಚೆಗೆ ಸರಿಸಿದ್ದರು.

ಹಾಗೆಂದು ಈ ಕ್ಯಾಮೆರಾಗಳ ಪರವಾಗಿ ಹೇಳುವ ಮಾತುಗಳನ್ನೆಲ್ಲ ನಾನು ಒಪ್ಪುತ್ತೇನೆ ಎಂದಲ್ಲ. ಅನಿರೀಕ್ಷಿತವೇ ಇವುಗಳ ಜೀವಾಳ ಎನ್ನುತ್ತಾರೆ. ಮಸೂರದ ದೋಷ ಅನಿರೀಕ್ಷಿತವಲ್ಲ. ಅಚ್ಚಿನಲ್ಲಿ ಎರಕವಾದದ್ದು, ಅದೇ ಮೂಲೆ ಪ್ರತಿ ಚಿತ್ರದಲ್ಲಿಯೂ ಅಷ್ಟೇ ಕಪ್ಪಾಗುತ್ತದೆ. ಬದಲಾಗುವುದು ಬೆಳಕಿನ ಸೋರಿಕೆ ಮಾತ್ರ. ಇನ್ನೊಂದು ಮಾತು, ಇಲ್ಲಿ ಕಂಪ್ಯೂಟರಿನ ಕೈವಾಡವಿಲ್ಲ, ಎಲ್ಲವೂ ಸಹಜ ಎಂಬುದು. ಒಂದೇ ನೆಗೆಟಿವನ್ನು ನಾನು ಎರಡು ಲ್ಯಾಬ್‌ಗಳಲ್ಲಿ ಸ್ಕ್ಯಾನ್ ಮಾಡಿಸಿದೆ. ಒಂದು ಕಡೆ ನಂದಿ ನೀಲಿಛಾಯೆಯಲ್ಲಿ ಬಂತು, ಇನ್ನೊಂದು ಕಡೆ ಬೆಲ್ಲದ ಬಣ್ಣದಲ್ಲಿ. ಎಂಟು ಪಟ್ಟು ಹೆಚ್ಚಾದ ಬೆಳಕನ್ನು ಇಳಿಸಿ, ಬಣ್ಣವನ್ನು ಹದಗೊಳಿಸಿದ್ದು ಸ್ಕ್ಯಾನರಿನ ತಂತ್ರಾಂಶ. ಫಿಲ್ಮ್ ಲುಕ್ ಎಂದು ನಾವು ಹೊಗಳುವುದರಲ್ಲಿ ದೊಡ್ಡ ಪಾಲು ಅದರದು. ಇನ್‌ಸ್ಟಾಗ್ರಾಂ 2010ರಲ್ಲಿ ಬಂದಾಗ ಅದರ ಚೌಕ ಚಿತ್ರಗಳೂ ಮಾಸಿದ ಬಣ್ಣಗಳೂ ಈ ಹಳೆಯ ಪೆಟ್ಟಿಗೆಗಳನ್ನೇ ಅನುಕರಿಸಿದ್ದವು; ಈಗ ಆ ಫಿಲ್ಟರ್ ನೋಡಿ ಬೆಳೆದವರು ಫಿಲ್ಟರಿನಂತೆ ಕಾಣುವ ಚಿತ್ರಕ್ಕಾಗಿ ಪೆಟ್ಟಿಗೆಯನ್ನು ಕೊಳ್ಳುತ್ತಿದ್ದೇವೆ. ನಾನೂ ಆ ಸಾಲಿನಲ್ಲಿಯೇ ನಿಂತವನು.

ಖರ್ಚಿನ ವಿಷಯದಲ್ಲಿ ಆಕ್ಷೇಪಣೆ ಮಾಡುವವರ ಕಡೆಗೇ ನನ್ನ ಮತ. ಕ್ಯಾಮೆರಾ ಅಗ್ಗ, ಅಭ್ಯಾಸ ಅಗ್ಗವಲ್ಲ. ರೋಲಿಗೆ 1,150 ರೂಪಾಯಿ, ಸಂಸ್ಕರಣೆ, ಸ್ಕ್ಯಾನ್ ಮತ್ತು ಅಂಚೆಗೆ 550. ಪ್ರತಿ ಒತ್ತಿಗೆ 47 ರೂಪಾಯಿ, ಉಳಿದ ಹನ್ನೊಂದರ ಲೆಕ್ಕದಲ್ಲಿ ಚಿತ್ರವೊಂದಕ್ಕೆ ನೂರೈವತ್ತನ್ನು ದಾಟುತ್ತದೆ. ಕಲ್ಯಾಣಮಂಟಪದ ಮೇಜುಗಳ ಮೇಲೆ ಒಮ್ಮೆ ಬಳಸಿ ಎಸೆಯುವ ಕ್ಯಾಮೆರಾಗಳನ್ನು ಇಡುವ ಹೊಸ ಪದ್ಧತಿಯಂತೂ ನನಗೆ ಸ್ವಲ್ಪವೂ ಸರಿಕಾಣುವುದಿಲ್ಲ. ಮಂಟಪದ ಬೆಳಕಿನಲ್ಲಿ ಫ್ಲ್ಯಾಷ್ ಒತ್ತಲು ಮರೆತ ಪ್ರತಿಯೊಬ್ಬ ನೆಂಟನೂ ತೆಳು ನೆಗೆಟಿವನ್ನೇ ಉಡುಗೊರೆ ಕೊಡುತ್ತಾನೆ.

ಮಂಡ್ಯದಿಂದ ಹೊರಡುವ ಮುನ್ನ ಹಿರಿಯರು ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡು, ಅಲುಗಿಸಿ, ಒಳಗೆ ಏನೋ ಗಡಗಡ ಎನ್ನುತ್ತದೆಯಲ್ಲ ಎಂದು ನಕ್ಕರು. ನನ್ನದೊಂದು ಚಿತ್ರ ತೆಗೆಯಿರಿ ಎಂದು ಕೇಳಿದೆ. ನಾನು ಬಾಗಿಲಿನ ಬಿಸಿಲಿನಲ್ಲಿ ನಿಂತಿದ್ದೆ. ಅವರು ತೋಳು ಹಿಡಿದು ಎದುರಿನ ಅಂಗಡಿಯ ಮಾಡಿನ ಅಂಚಿಗೆ, ನೆರಳು ಬಿಸಿಲಿಗೆ ತಾಗುವಲ್ಲಿಗೆ ನನ್ನನ್ನು ಕರೆದೊಯ್ದರು. ಹೆಜ್ಜೆ ಎಣಿಸುತ್ತಾ ಹಿಂದಕ್ಕೆ ಹೋದರು. ಕಿಂಡಿಯಲ್ಲಿ ನೋಡಿ, ಕ್ಯಾಮೆರಾವನ್ನು ಎರಡು ಬೆರಳಿನಷ್ಟು ಮೇಲೆತ್ತಿದರು. ಒಂದು ಆಟೋ ಹಾದುಹೋಗುವವರೆಗೆ ಕಾದರು. ಆಮೇಲೆ ಒಂದೇ ಒಂದು ಸಲ ಒತ್ತಿ, ನನ್ನ ಕೈಗೆ ವಾಪಸು ಕೊಟ್ಟು, ಮತ್ತೊಂದು ತೆಗೆಯಿರಿ ಎಂದು ನಾನು ಹೇಳುವಷ್ಟರಲ್ಲಿ ಅಂಗಡಿಯೊಳಗೆ ಹೋಗಿಬಿಟ್ಟರು. ಆ ರೋಲಿನಲ್ಲಿ ಇನ್ನೂ ಒಂಬತ್ತು ಚಿತ್ರಗಳು ಬಾಕಿ ಇವೆ; ಮುಗಿದ ಮೇಲೆ ಈ ಸಲ ಪೂರ್ತಿ ಹಿಂದಕ್ಕೆ ಸುತ್ತಿಯೇ ಬೆನ್ನು ತೆರೆಯುತ್ತೇನೆ.